ದೊಡ್ಡ ಪಿಚ್ಚಿನ ಭ್ರಮೆ

ಔಟ್‌ಬೋರ್ಡ್ ಎಂಜಿನ್ನಿನ ಸುತ್ತ ಹುಟ್ಟಿಕೊಂಡ ನಂಬಿಕೆಗಳಲ್ಲಿ ಎಷ್ಟು ಹೇಳಿದರೂ ಸಾಯದ್ದು ಒಂದಿದೆ: ಪ್ರೊಪೆಲ್ಲರಿನ ಪಿಚ್ ಹೆಚ್ಚಿಸಿದರೆ ದೋಣಿಯ ವೇಗವೂ ಹೆಚ್ಚುತ್ತದೆ. ಪ್ರೊಪೆಲ್ಲರಿನ, ಅಂದರೆ ಫ್ಯಾನಿನ, ಹಬ್ ಮೇಲೆ 13 × 19 ಎಂದು ಕೊರೆದಿದ್ದರೆ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನ ಲೆಕ್ಕ. ಒಂದು ಸುತ್ತಿಗೆ 19 ಇಂಚು ಮುಂದೆ ಸಾಗಬೇಕು ಎಂಬುದು ಕಾಗದದ ಮೇಲಿನ ಮಾತು. 15ರ ಜಾಗದಲ್ಲಿ 19 ಕೂರಿಸಿದರೆ ಸುತ್ತಿಗೆ ನಾಲ್ಕು ಇಂಚು ಲಾಭ ಎಂದು ಬೀಗುವವರು, ಸುತ್ತುಗಳು ಮೊದಲಿನಷ್ಟೇ ಇರುತ್ತವೆ ಎಂದು ತಮಗೆ ಯಾರು ಹೇಳಿದರು ಎಂದು ಕೇಳಿಕೊಳ್ಳುವುದೇ ಇಲ್ಲ.

ಪಿಚ್ ಒಂದು ಇಂಚು ಏರಿದರೆ ಎಂಜಿನ್ನಿನ ಆರ್‌ಪಿಎಂ ಸುಮಾರು 150ರಿಂದ 200 ಇಳಿಯುತ್ತದೆ. 15ರ ಫ್ಯಾನಿನಲ್ಲಿ ಫುಲ್ ಥ್ರಾಟಲ್‌ಗೆ 5,400 ಸುತ್ತುತ್ತಿದ್ದ ಎಂಜಿನ್ 19ರ ಫ್ಯಾನಿನಲ್ಲಿ 4,600ರ ಆಸುಪಾಸಿಗೆ ಬಂದು ನಿಲ್ಲುತ್ತದೆ ಎನ್ನಿ. ಗುಣಿಸಿ ನೋಡಿ: ಪಿಚ್ ಶೇ. 27ರಷ್ಟು ಹೆಚ್ಚಿದರೂ ಕಾಗದದ ವೇಗ ಹೆಚ್ಚಿದ್ದು ಶೇ. 8 ಮಾತ್ರ. ಅದೂ ಕೈಗೆ ಸಿಗುವುದು ಅನುಮಾನ. ಏಕೆಂದರೆ ತಯಾರಕರು ಆ ಎಂಜಿನ್ನಿಗೆ 5,000ದಿಂದ 6,000 ಎಂದು ಮಿತಿ ಹೇಳಿದ್ದರೆ, ಅದರ ಪೂರ್ತಿ ಅಶ್ವಶಕ್ತಿ ಸಿಗುವುದು ಆ ಮಿತಿಯೊಳಗೆ. 4,600ರಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ಕಡಿಮೆ ಶಕ್ತಿ ಅದೇ ದೋಣಿಯನ್ನು ಹೆಚ್ಚು ವೇಗವಾಗಿ ನೂಕುವುದು ಹೇಗೆ? ಪ್ರೊಪೆಲ್ಲರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ, ಎಂಜಿನ್ ಕೊಟ್ಟದ್ದನ್ನು ಖರ್ಚು ಮಾಡುತ್ತದೆ, ಅಷ್ಟೆ. ಆಗುಂಬೆ ಘಾಟಿಯನ್ನು ಟಾಪ್ ಗೇರಿನಲ್ಲಿ ಹತ್ತಲು ಹೊರಟ ಲಾರಿಯ ಗತಿಯೇ ಇದಕ್ಕೂ. ಲಾರಿಯವನಾದರೂ ಗೇರ್ ಇಳಿಸಬಹುದು, ಔಟ್‌ಬೋರ್ಡಿಗೆ ಮುಂದೆ ಹೋಗಲು ಸಾಮಾನ್ಯವಾಗಿ ಇರುವುದು ಒಂದೇ ಗೇರ್.

"ನಾನು ದೊಡ್ಡ ಪಿಚ್ ಹಾಕಿದ ಮೇಲೆ ದೋಣಿ ಓಡಿತಲ್ಲ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರ ಎಂಜಿನ್ ಮೊದಲು ಮಿತಿ ಮೀರಿ ಸುತ್ತುತ್ತಿತ್ತು. ಅಂಥ ಕಡೆ ಪಿಚ್ ಏರಿಸುವುದೇ ಮದ್ದು. ಅದು ಅವರ ದೋಣಿಯ ಕಥೆ, ನಿಮ್ಮದಲ್ಲ. ಆರ್‌ಪಿಎಂ ಇಳಿದರೆ ಇಂಧನ ಉಳಿಯುತ್ತದೆ ಎಂಬ ಇನ್ನೊಂದು ವಾದವೂ ಉಂಟು. ಥ್ರಾಟಲ್ ಪೂರ್ತಿ ತೆರೆದಿಟ್ಟು ಎಂಜಿನ್ನನ್ನು ಏದುಸಿರು ಬಿಡಿಸುವುದು ಉಳಿತಾಯವಲ್ಲ. ಸಿಲಿಂಡರ್ ಕಾಯುತ್ತದೆ, ಇಂಗಾಲ ಕಟ್ಟುತ್ತದೆ, ಪಿಸ್ಟನ್ನು ಬೇರಿಂಗುಗಳ ಮೇಲೆ ಹೊರೆ ಬೀಳುತ್ತದೆ. ಬಲೆ, ಜನ, ಮೀನು ಎಲ್ಲ ಹೊತ್ತು ದಡಕ್ಕೆ ಮರಳುವ ನಾಡದೋಣಿಗೆ ಬೇಕಾದದ್ದು ಸಣ್ಣ ಪಿಚ್. ಖಾಲಿ ದೋಣಿಯಲ್ಲಿ ಪರೀಕ್ಷಿಸಿ ಫ್ಯಾನು ಆರಿಸಿದವರು ಭಾರ ಬಿದ್ದ ದಿನ ಎಂಜಿನ್ನನ್ನು ಬೈಯುತ್ತಾರೆ.

ಉಳಿದ ನಂಬಿಕೆಗಳು ಚಿಲ್ಲರೆ. ನಾಲ್ಕು ಬ್ಲೇಡಿನಿಂದ ಹಿಡಿತ ಹೆಚ್ಚಿ ನಡುಕ ಕಡಿಮೆಯಾಗುತ್ತದೆ, ಗರಿಷ್ಠ ವೇಗ ಸಾಮಾನ್ಯವಾಗಿ ಹೆಚ್ಚುವುದಿಲ್ಲ. ಸ್ಟೀಲ್ ಬ್ಲೇಡು ಸುಲಭವಾಗಿ ಬಾಗುವುದಿಲ್ಲ ನಿಜ, ಆದರೆ ಅಳಿವೆ ಬಾಗಿಲಿನ ಬಂಡೆಗೆ ತಗುಲಿದಾಗ ಅಲ್ಯೂಮಿನಿಯಂ ತಾನು ಮುರಿದು ಗೇರನ್ನು ಉಳಿಸಬಹುದು. ಫ್ಯಾನು ನೀರಿನಲ್ಲಿ ಜಾರುವುದು ದೋಷ ಎನ್ನುವವರಿಗೆ ಒಂದೇ ಉತ್ತರ: ಒಂದಿಷ್ಟೂ ಜಾರದಿದ್ದರೆ ನೂಕುಬಲವೇ ಇರುವುದಿಲ್ಲ.

ಇದೆಲ್ಲದರ ಬೇರು ದೊಡ್ಡ ಅಂಕಿಯ ಮೇಲಿನ ವ್ಯಾಮೋಹ. ಮೊಬೈಲಿನ ಮೆಗಾಪಿಕ್ಸೆಲ್, ಮಿಕ್ಸಿಯ ವ್ಯಾಟ್, ಈಗ ಪ್ರೊಪೆಲ್ಲರಿನ ಪಿಚ್. ಅಂಗಡಿಯವನು ಹೇಳುವುದಕ್ಕೂ ಸುಲಭ, ಕೊಳ್ಳುವವನು ಊರಲ್ಲಿ ಕೊಚ್ಚಿಕೊಳ್ಳುವುದಕ್ಕೂ ಸುಲಭ. ಅಳೆಯುವ ಕಷ್ಟ ಮಾತ್ರ ಯಾರಿಗೂ ಬೇಡ, ಅಳತೆಯ ಸಾಧನ ಎದುರಿಗೇ ಇದ್ದರೂ. ಹೊಸ ಫ್ಯಾನಿಗೆ ದುಡ್ಡು ಎಣಿಸುವ ಮೊದಲು ದೋಣಿಗೆ ಎಂದಿನ ಭಾರ ಹೇರಿ, ಥ್ರಾಟಲ್ ಪೂರ್ತಿ ತೆರೆದು ಟ್ಯಾಕೋಮೀಟರ್ ನೋಡಿ. ಮುಳ್ಳು ತಯಾರಕರು ಹೇಳಿದ ಮಿತಿಯ ಮೇಲ್ಭಾಗದಲ್ಲಿ ನಿಂತರೆ ಈಗಿರುವ ಫ್ಯಾನೇ ಸರಿ, ಅದನ್ನು ಬದಲಿಸಬೇಡಿ.