ಹದ ಹಿಡಿಯುವ ಕಿವಿ

ಕಛೇರಿ ಶುರುವಾಗುವ ಮುಂಚೆ ಮೃದಂಗದವರನ್ನು ಗಮನಿಸಿದ್ದೀರಾ? ಎಡಬದಿಗೆ ನೆನೆಸಿದ ರವೆ ಮೆತ್ತುತ್ತಾರೆ, ತಟ್ಟಿ ಕೇಳುತ್ತಾರೆ, ಚೂರು ಕೀಳುತ್ತಾರೆ, ಮತ್ತೆ ತಟ್ಟುತ್ತಾರೆ. ಎಷ್ಟು ಗ್ರಾಂ ರವೆ ಎಂದು ಯಾರೂ ತೂಗುವುದಿಲ್ಲ. ಆ ಸಭಾಂಗಣಕ್ಕೆ, ಆ ದಿನದ ಹವೆಗೆ, ಗಾಯಕರ ಶ್ರುತಿಗೆ ಒಪ್ಪುವ ನಾದ ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ಸ್ಟುಡಿಯೊದಲ್ಲಿ ಹಾಡನ್ನು ಮಿಕ್ಸ್ ಮಾಡುವವರ ಕೆಲಸವೂ ಇದೇ ಜಾತಿಯದು. ಈಗ ಆ ಕೆಲಸವನ್ನು ಒಂದೇ ಗುಂಡಿಯಲ್ಲಿ ಮುಗಿಸುತ್ತೇವೆ ಎನ್ನುವ ಸಾಫ್ಟ್‌ವೇರ್‌ಗಳು ಬಂದಿವೆ.

ಗಾಯಕರ ದನಿ, ಕೋರಸ್, ತಬಲ, ಕೊಳಲು, ಪಿಟೀಲು, ಬೇಸ್ ಗಿಟಾರ್ ಎಲ್ಲವೂ ಇಂದು ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ರೆಕಾರ್ಡ್ ಆಗುತ್ತವೆ. ಸಿನಿಮಾ ಹಾಡಿನಲ್ಲಿ ಅವು ನೂರು ದಾಟುವುದೂ ಉಂಟು. ಅವನ್ನೆಲ್ಲ ಎಡ, ಬಲದ ಎರಡು ಸ್ಪೀಕರ್‌ಗಳಿಗೆ ಇಳಿಸುವುದೇ ಮಿಕ್ಸಿಂಗ್. ಫೇಡರ್ ದನಿಯನ್ನು ಏರಿಸಿ ಇಳಿಸುತ್ತದೆ, ಈಕ್ವಲೈಜರ್ ಅದರ ಬಣ್ಣ ತಿದ್ದುತ್ತದೆ, ಕಂಪ್ರೆಸರ್ ಅಬ್ಬರಕ್ಕೆ ಲಗಾಮು ಹಾಕುತ್ತದೆ, ರಿವರ್ಬ್ ದನಿಯನ್ನು ಹತ್ತಿರಕ್ಕೋ ದೂರಕ್ಕೋ ಕೂರಿಸುತ್ತದೆ. ಹೀಗೆ ಸಿದ್ಧವಾದ ಮಿಕ್ಸ್‌ಗೆ ಕೊನೆಯ ಮೆರುಗು ಕೊಡುವುದು ಮಾಸ್ಟರಿಂಗ್.

ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ ಗಾಯಕರೂ ವಾದ್ಯವೃಂದವೂ ಒಟ್ಟಿಗೇ ಹಾಡಿ ನುಡಿಸಬೇಕಿತ್ತು. ಯಾರು ಮೈಕಿಗೆ ಎಷ್ಟು ಹತ್ತಿರ ಎಂಬುದರಲ್ಲೇ ಅರ್ಧ ಮಿಕ್ಸಿಂಗ್ ಮುಗಿಯುತ್ತಿತ್ತು. ಉಳಿದರ್ಧ ಎಂಜಿನಿಯರ್‌ನ ಬೆರಳಿನಲ್ಲಿ. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಪಲ್ಲವಿಯಿಂದ! 1970ರ ದಶಕದಲ್ಲಿ ಫೇಡರ್‌ನ ಚಲನೆಯನ್ನು ನೆನಪಿಟ್ಟುಕೊಳ್ಳುವ ಕನ್ಸೋಲ್‌ಗಳು ವಿದೇಶಿ ಸ್ಟುಡಿಯೊಗಳಿಗೆ ಕಾಲಿಟ್ಟವು. ಅದೇ ದಶಕದಲ್ಲಿ ಅಮೆರಿಕದ ಡ್ಯಾನ್ ಡೂಗನ್, ಹಲವು ಮೈಕುಗಳಿರುವ ಕಡೆ ಮಾತಾಡುತ್ತಿರುವವರ ಮೈಕನ್ನಷ್ಟೇ ತಾನಾಗಿ ಮೇಲೆತ್ತುವ ಮಿಕ್ಸರ್ ರೂಪಿಸಿದರು. ಚರ್ಚಾಗೋಷ್ಠಿಗಳಲ್ಲಿ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅಂದರೆ ಈ ಮನೆಗೆ ಯಂತ್ರ ನಿನ್ನೆ ಮೊನ್ನೆ ಬಂದ ನೆಂಟನಲ್ಲ.

ಹೊಸದು ಬೇರೆ. ಕೆನಡಾದ ಮಾಂಟ್ರಿಯಲ್‌ನಿಂದ 2014ರಲ್ಲಿ ಬಂದ ಲ್ಯಾಂಡರ್, ಹಾಡನ್ನು ಅಪ್‌ಲೋಡ್ ಮಾಡಿದರೆ ಮಾಸ್ಟರಿಂಗ್ ಮುಗಿಸಿ ವಾಪಸು ಕೊಡುತ್ತದೆ. 2016ರಲ್ಲಿ ಐಜೋಟೋಪ್ ಕಂಪನಿ ತಂದ ನ್ಯೂಟ್ರಾನ್, ಟ್ರ್ಯಾಕನ್ನು ಕೆಲವು ಸೆಕೆಂಡು ಕೇಳಿ, ಇದು ಗಾಯನವೋ ಡ್ರಮ್ಮೋ ಎಂದು ಗುರುತಿಸಿ, ಈಕ್ವಲೈಜರ್ ಮತ್ತು ಕಂಪ್ರೆಸರ್‌ಗೆ ಅಳತೆ ಸೂಚಿಸುತ್ತದೆ. ಒಂದು ವಾದ್ಯ ಇನ್ನೊಂದನ್ನು ಎಲ್ಲಿ ಮುಚ್ಚುತ್ತಿದೆ ಎಂಬುದನ್ನು ತೆರೆಯ ಮೇಲೆ ತೋರಿಸುತ್ತದೆ. ಮನೆಯ ಮೂಲೆಯಲ್ಲೇ ಸ್ಟುಡಿಯೊ ಕಟ್ಟಿಕೊಂಡ ಹುಡುಗ ಹುಡುಗಿಯರಿಗೆ ಇದು ಸಣ್ಣ ಉಪಕಾರವೇನಲ್ಲ.

ಯಂತ್ರ ಏನು ಮಾಡಬಲ್ಲದು, ಎಲ್ಲಿ ನಿಲ್ಲುತ್ತದೆ ಎನ್ನುವುದಕ್ಕೆ ಬೀಟಲ್ಸ್ ತಂಡದ 'ನೌ ಆ್ಯಂಡ್ ದೆನ್' ಒಳ್ಳೆಯ ಸಾಕ್ಷಿ. ಜಾನ್ ಲೆನನ್ 1970ರ ದಶಕದ ಕೊನೆಯಲ್ಲಿ ಪಿಯಾನೊ ನುಡಿಸುತ್ತ ಮನೆಯಲ್ಲೇ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದರು. ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ, 1995ರಲ್ಲಿ, ಉಳಿದ ಮೂವರು ಅದನ್ನು ಪೂರ್ಣಗೊಳಿಸಲು ಹೊರಟು ಕೈಚೆಲ್ಲಿದರು. ಪಿಯಾನೊ, ಗುಂಯ್‌ಗುಡುವ ಸದ್ದು, ಕಂಠ ಎಲ್ಲ ಕಲಸಿಹೋಗಿದ್ದವು. ನಿರ್ದೇಶಕ ಪೀಟರ್ ಜಾಕ್ಸನ್ ತಂಡದ ಸಾಫ್ಟ್‌ವೇರ್ ಕಡೆಗೂ ಲೆನನ್ ಕಂಠವನ್ನು ನೀರಿನಿಂದ ಹಾಲು ಬೇರ್ಪಡಿಸುವ ಹಂಸದಂತೆ ಬಿಡಿಸಿಕೊಟ್ಟಿತು. ಹಾಡು 2023ರ ನವೆಂಬರ್‌ನಲ್ಲಿ ಹೊರಬಂತು. ಮನುಷ್ಯರಿಂದ ಸಾಧ್ಯವೇ ಆಗದ ಕೆಲಸವನ್ನು ಯಂತ್ರ ಮಾಡಿತು, ನಿಜ. ಆದರೆ ಬಿಡಿಸಿದ ಕಂಠದ ಸುತ್ತ ತಂತಿವಾದ್ಯ ಎಷ್ಟಿರಬೇಕು, ಡ್ರಮ್ ಎಷ್ಟು ಹಿಂದೆ ನಿಲ್ಲಬೇಕು ಎಂದು ನಿರ್ಧರಿಸಲು ಸ್ಪೈಕ್ ಸ್ಟೆಂಟ್ ಎಂಬ ಮಿಕ್ಸಿಂಗ್ ಎಂಜಿನಿಯರ್ ಬೇಕಾಯಿತು.

ಬಿಡಿಸುವುದು ಲೆಕ್ಕ, ಬೆರೆಸುವುದು ವಿವೇಕ. ನಮ್ಮ ಭಾವಗೀತೆಯನ್ನೇ ನೋಡಿ. ಅಲ್ಲಿ ರಾಗಕ್ಕಿಂತ ಒಂದು ಗುಲಗಂಜಿ ಹೆಚ್ಚಿನ ತೂಕ ಮಾತಿಗೆ. ಸಾಫ್ಟ್‌ವೇರ್ ಗಾಯನವನ್ನು ಒಟ್ಟಾರೆ ಮೇಲೆತ್ತುತ್ತದೆ. ಆದರೆ ಸಾಲಿನ ಯಾವ ಪದದ ಮೇಲೆ ಇಡೀ ಕವಿತೆ ನಿಂತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಕೀಬೋರ್ಡಿನ ಅಲೆಯಲ್ಲಿ ಅಕ್ಷರಗಳ ಅಂಚು ಮಸುಕಾಗಿ 'ಹಾಳು' ಎಂಬುದು 'ಹಾಲು' ಎಂದು ಕೇಳಿಸಿದರೆ ಮೀಟರಿನ ಮುಳ್ಳು ಅಲುಗುವುದಿಲ್ಲ. ಕನ್ನಡ ಬಲ್ಲ ಕಿವಿ ಬೆಚ್ಚುತ್ತದೆ. ಚರಣಕ್ಕೆ ಮುನ್ನ ಗಾಯಕಿ ಎಳೆದುಕೊಳ್ಳುವ ಉಸಿರನ್ನು ಸದ್ದು ಅಳಿಸುವ ಉಪಕರಣ ಕಸವೆಂದು ಗುಡಿಸಬಹುದು. ಅಗಲಿಕೆಯ ಹಾಡಿನಲ್ಲಿ ಆ ಉಸಿರೇ ಅರ್ಧ ಅರ್ಥ. ಸಾವಿರಾರು ಹಾಡುಗಳನ್ನು ಕೇಳಿ ಕಲಿತ ಯಂತ್ರ ಅವುಗಳ ಸರಾಸರಿಯ ಕಡೆಗೇ ನಮ್ಮ ಹಾಡನ್ನೂ ಎಳೆಯುತ್ತದೆ. ಆ ಸರಾಸರಿಯಲ್ಲಿ ಕನ್ನಡದ ಪಾಲು ಎಷ್ಟಿದ್ದೀತು?

ಹಾಗೆಂದು ಉಪಕರಣವನ್ನು ದೂರವಿಡಬೇಕಿಲ್ಲ. ಗದ್ದಲ ತೆಗೆಯಲು, ಟ್ರ್ಯಾಕ್‌ಗಳ ಮಟ್ಟ ಒಂದು ಹಂತಕ್ಕೆ ತರಲು ಅದನ್ನು ದುಡಿಸಿಕೊಳ್ಳಿ. ಆಮೇಲೆ ತೆರೆ ಆರಿಸಿ, ಸದ್ದು ತಗ್ಗಿಸಿ ಕೇಳಿ. ಕಾರಿನಲ್ಲಿ ಕೇಳಿ, ಅಗ್ಗದ ಫೋನಿನಲ್ಲಿ ಕೇಳಿ. ಯಮಾಹಾ 1978ರಲ್ಲಿ ತಂದ ಎನ್‌ಎಸ್-10 ಎಂಬ ಪುಟ್ಟ ಸ್ಪೀಕರ್ ಇಂಪಿಗೇನೂ ಹೆಸರಾದದ್ದಲ್ಲ. ಇದರಲ್ಲಿ ಚೆನ್ನಾಗಿ ಕೇಳಿದ್ದು ಎಲ್ಲಿಯೂ ಚೆನ್ನಾಗಿ ಕೇಳುತ್ತದೆ ಎಂಬ ನಂಬಿಕೆಯಿಂದಲೇ ಜಗತ್ತಿನ ಸ್ಟುಡಿಯೊಗಳು ಅದನ್ನು ದಶಕಗಳ ಕಾಲ ಇಟ್ಟುಕೊಂಡವು. ಒಂದು ರಾತ್ರಿ ಕಳೆದು, ಕಿವಿಯ ದಣಿವು ಆರಿದ ಮೇಲೆ ಇನ್ನೊಮ್ಮೆ ಕೇಳಿ.

ಕೇಳುಗರಲ್ಲೂ ಒಂದು ಅರಿಕೆ. ಹಾಡು ಮೆಚ್ಚಿದಾಗ ಗಾಯಕರು, ಕವಿ, ಸಂಗೀತ ನಿರ್ದೇಶಕರ ಹೆಸರಿಗೇ ನಿಲ್ಲಬೇಡಿ. ಇನ್ನೂ ಎರಡು ಸಾಲು ಕೆಳಗೆ 'ಮಿಕ್ಸಿಂಗ್' ಎಂಬ ಪದದ ಮುಂದೆ ಒಂದು ಹೆಸರಿರುತ್ತದೆ. ಅದನ್ನೂ ಓದಿ.