ಗುಜರಿಗೆ ಹಾಕುವ ಮುಂಚೆ ಆ ಜೀಪನ್ನೊಮ್ಮೆ ನೋಡಿ

ಸವಳಂಗ ರಸ್ತೆಯ ಗ್ಯಾರೇಜೊಂದರ ಮುಂದೆ ಹಳೇ ಜೀಪು ನಿಂತಿತ್ತು. ಅಜ್ಜ ಅಡಿಕೆ ವ್ಯಾಪಾರಕ್ಕೆಂದು ತೆಗೆದುಕೊಂಡಿದ್ದು, ಆರ್‌ಸಿಯಲ್ಲಿ 1972 ಎಂದಿದೆ. ಮೊಮ್ಮಗ ಗುಜರಿಯವರ ಜೊತೆ ರೇಟು ಮಾತಾಡುತ್ತಿದ್ದ. "ಎಂಜಿನ್ ಚೆನ್ನಾಗಿದೆ ಮೋನೇ, ದುಡುಕಬೇಡ" ಅಂತ ಮೇಸ್ತ್ರಿ ಕಾಕ ಹೇಳುತ್ತಲೇ ಇದ್ದರು. ನಾವೂ ಅಲ್ಲೇ ನಿಂತೆವು.

ಜೀಪಿನ ಮೂಲ ಅಮೆರಿಕ. ಅಲ್ಲಿನ ಎರಡು ಹಳೇ ಗಾಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಒಂದು 1908ರ ಫೋರ್ಡ್ ಮಾಡೆಲ್ ಟಿ, ಇನ್ನೊಂದು 1941ರ ವಿಲ್ಲಿಸ್ ಜೀಪು.

ಮಾಡೆಲ್ ಟಿ ಸಾಮಾನ್ಯ ಜನರಿಗಾಗಿ ಬಂದ ಗಾಡಿ. ಮೊದಲು 850 ಡಾಲರ್ ಇದ್ದ ಬೆಲೆ ಆಮೇಲೆ 300 ಡಾಲರಿಗೂ ಕೆಳಗಿಳಿಯಿತು. 1927ರ ಹೊತ್ತಿಗೆ ಒಂದೂವರೆ ಕೋಟಿ ಗಾಡಿ ತಯಾರಾಗಿದ್ದವು. ಶಕ್ತಿ ಬರೀ 20 ಹಾರ್ಸ್‌ಪವರ್. ಹೆಚ್ಚಿನವುಗಳಲ್ಲಿ ಪೆಟ್ರೋಲ್ ಟ್ಯಾಂಕು ಸೀಟಿನಡಿ ಇತ್ತು, ಪಂಪ್ ಇರಲಿಲ್ಲ. ಪೆಟ್ರೋಲ್ ಕಡಿಮೆಯಿದ್ದು ಏರು ಕಡಿದಾದರೆ ಎಂಜಿನ್‌ಗೆ ಪೆಟ್ರೋಲ್ ಹರಿಯುತ್ತಿರಲಿಲ್ಲ. ಆಗ ಗಾಡಿ ತಿರುಗಿಸಿ ರಿವರ್ಸ್ ಗೇರಿನಲ್ಲೇ ಗುಡ್ಡ ಹತ್ತಿಸುತ್ತಿದ್ದರು! ಆಗುಂಬೆ ಘಾಟಿಯಲ್ಲಿ ಹಾಗೆ ಹತ್ತುವುದನ್ನು ನೆನೆಸಿಕೊಳ್ಳಿ.

ಜೀಪು ಹುಟ್ಟಿದ್ದು ಯುದ್ಧಕ್ಕೆ. 60 ಹಾರ್ಸ್‌ಪವರ್, ಬೇಕಾದಾಗ ನಾಲ್ಕೂ ಚಕ್ರಕ್ಕೆ ಎಳೆತ. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪು ಮಾಡಿದವು. ಸ್ವಾತಂತ್ರ್ಯದ ಹೊತ್ತಿಗೆ ಮಹೀಂದ್ರ ಕಂಪನಿ ಇಲ್ಲೇ ಜೀಪು ಜೋಡಿಸತೊಡಗಿತು. ಯುದ್ಧದ ಗಾಡಿ ಮಲೆನಾಡಿನ ಕೆಸರಿನಲ್ಲಿ ಅಡಿಕೆ ಮೂಟೆ ಹೊತ್ತಿತು, ಮಳೆಗಾಲದ ರಾತ್ರಿ ಬಾಣಂತಿಯರನ್ನು ಆಸ್ಪತ್ರೆಗೆ ಮುಟ್ಟಿಸಿತು.

ವೇಗ, ಬಲದಲ್ಲಿ ಜೀಪೇ ಮುಂದೆ. ಆದರೆ ಒಂದು ಗುಣ ಎರಡಕ್ಕೂ ಸಮ: ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಸ್ಪ್ಯಾನರ್ ಹಿಡಿಯಲು ಬಂದವನು ದುರಸ್ತಿ ಮಾಡಬಲ್ಲ. ಇಷ್ಟು ವರ್ಷ ಬಾಳಿದ್ದೂ ಅದರಿಂದಲೇ.

ಮನೆಯಲ್ಲಿ ಇಂಥ ಗಾಡಿ ಇದ್ದವರು ಒಂದು ವಿಷಯ ತಿಳಿದಿರಲಿ. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆದರೆ ಅದನ್ನು ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ತೋಟಕ್ಕೆ, ಪೇಟೆಗೆ ಬೇಕೆಂದರೆ ಗಾಡಿ ಪರೀಕ್ಷೆ ಮಾಡಿಸಿ ಮಾಮೂಲಿ ಆರ್‌ಸಿಯನ್ನೇ ನವೀಕರಿಸಬೇಕು. ಚಾಸಿಸ್ ತುಕ್ಕು ಹಿಡಿದಿದ್ದರೆ ಮಾತ್ರ ಹಟ ಬೇಡ, ಜೀವ ದೊಡ್ಡದು.

ಇದನ್ನೆಲ್ಲ ಹೇಳಿದಾಗ ಹುಡುಗ ಸುಮ್ಮನೆ ಕೇಳಿದ. ಕಾಕ ಗಾಡಿಯಡಿ ಮಲಗಿ ಚಾಸಿಸ್ ತಟ್ಟಿ ನೋಡಿದರು, "ಗಟ್ಟಿಯಿದೆ" ಅಂದರು. ಗುಜರಿಯವರು ಅವತ್ತು ಬರಿಗೈಲಿ ಹೋದರು. "ಒಂದು ತಿಂಗಳು ನೋಡ್ತೇನೆ ಉಸ್ತಾದ್" ಅಂದ ಹುಡುಗ. ನಮಗೆ ಅಷ್ಟೇ ಸಾಕಾಯಿತು.