ಸ್ಕ್ಯಾನರ್ ಕಿತ್ತರೆ ತೆರಿಗೆ ತಪ್ಪೀತೇ?

2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಚೀಟಿಗಳು ಕಾಣಿಸಿಕೊಂಡವು. ಬಿಸಿ ವಡಾಲಕ್ಕೂ ತಟ್ಟಿತು. ನಾನು ಇಡ್ಲಿ ತಿನ್ನುವ ಪುಟ್ಟ ಹೋಟೆಲಿನ ಕುಂದಾಪುರದ ಅಣ್ಣ ಕೇಳಿದರು: ‘ಸ್ಕ್ಯಾನರ್ ತೆಗ್ದ್ ಹಾಕ್ಲಾ ಮಾರಾಯ್ರೆ?’

ತೆಗೆದು ಪ್ರಯೋಜನವಿಲ್ಲ. ಜಿಎಸ್‌ಟಿಗೆ ನಗದೂ ವಹಿವಾಟೇ. ಸರಕು ಮಾರುವವರಿಗೆ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ. ಹೋಟೆಲ್ ಸೇವೆಯ ಲೆಕ್ಕಕ್ಕೆ ಬರುವುದರಿಂದ 20 ಲಕ್ಷವೇ. ದಿನಕ್ಕೆ 5,500 ರೂಪಾಯಿ ವ್ಯಾಪಾರವಾದರೆ ಸಾಕು, ದಾಟಿತು. ಲಾಭವೆಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅಣ್ಣನದು ಹಿಂದಿನ ವರ್ಷವೇ ದಾಟಿತ್ತು.

ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಿದರೆ ನೋಂದಣಿ ದಾಟಿದ ದಿನದಿಂದಲೇ ಜಾರಿ. ತಡವಾದರೆ ಮಂಜೂರಾದ ದಿನದಿಂದ. ತೆರಿಗೆಯ ಹೊಣೆ ಮಾತ್ರ ಹಳೆಯ ದಿನದಿಂದಲೇ. ಅರ್ಜಿಯಲ್ಲಿ ಹೊಣೆ ಶುರುವಾದ ದಿನವನ್ನು ಕೇಳುವ ಕಾಲಂ ಇದೆ. ಅಲ್ಲಿ ಇವತ್ತಿನ ತಾರೀಕು ಬರೆಯುವ ಆಸೆ ಸಹಜ, ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್ ಬೇರೆ ಕಥೆ ಹೇಳುತ್ತದಲ್ಲ! ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ನಿಜವಾದ ತಾರೀಕನ್ನೇ ಹೇಳಿದರು.

ತಡವಾದ ತಿಂಗಳುಗಳಿಗೆ ಶೇ 5 ತೆರಿಗೆ, ಅದರ ಮೇಲೆ ವರ್ಷಕ್ಕೆ ಶೇ 18 ಬಡ್ಡಿ. ಗಿರಾಕಿಯಿಂದ ಪಡೆಯದ ದುಡ್ಡು, ಕೈಯಿಂದಲೇ ಹೋಗಬೇಕು. ನೋಟಿಸ್ ಬರುವ ಮೊದಲು ತಾವಾಗಿ ಕಟ್ಟಿದರೆ ದಂಡ ತಪ್ಪುವ ಸಂಭವ ಹೆಚ್ಚು ಎಂದು ಲೆಕ್ಕಪರಿಶೋಧಕರು ಹೇಳಿದ್ದರು. ಊರಮನೆಯ ಮಾಡು ರಿಪೇರಿಗೆ ಇಟ್ಟದ್ದನ್ನು ಅಣ್ಣ ಬಿಡಿಸಿದರು. ಮುಂದಕ್ಕೆ ಕಾಂಪೊಸಿಷನ್ ಆರಿಸಿಕೊಂಡಿದ್ದಾರೆ. ಮೂರು ತಿಂಗಳಿಗೊಮ್ಮೆ ಕಟ್ಟಿದರಾಯಿತು. ಸ್ಕ್ಯಾನರ್ ಗಲ್ಲಾದ ಪಕ್ಕದಲ್ಲೇ ಇದೆ.